ಅಕ್ಕನ ರೊಟ್ಟಿ ದ್ವೀಪಕ್ಕೆ ಬಂದದ್ದು

ದಿವಾಡಿ ದ್ವೀಪ, ಗೋವಾ
೧೨-೧-೧೯೭೬

ಕುಂದಗೋಳದ ಮಹಾದೇವಕ್ಕನಿಗೆ ತಮ್ಮ ಹೊಳೆಪ್ಪನ ನಮಸ್ಕಾರಗಳು.

ನಾನು ಹೊರಟ ದಿನ, "ಹೆಂಡ ಹಂಚೂ ಕೈಲೆ ನನ್ನ ರೊಟ್ಟಿ ಮುಟ್ಟಬ್ಯಾಡಲೇ" ಎಂದವಳೂ ನೀನೇ, ಚೀಲದಲ್ಲಿ ವಾರಗಟ್ಟಲೆ ಕೆಡದ ಕಟಕ ರೊಟ್ಟಿ ಕಟ್ಟಿಟ್ಟವಳೂ ನೀನೇ. ಅಳ್ನಾವರ ದಾಟಿದ ಮೇಲೆ ನೋಡಿದೆ.

ಇಲ್ಲಿ ಪ್ರವಾಸಿಗರಿಗೆ ದ್ವೀಪದ ಕಾಡು, ಹಕ್ಕಿ ತೋರಿಸಿ, ಮಧ್ಯಾಹ್ನ ಮೀನೂಟ ಬಡಿಸಿ, ವೈನ್ ಹಾಕಿಕೊಡುವುದು ನನ್ನ ಕೆಲಸ. ನಿನ್ನೆ ಪುಣೆಯ ಅಜ್ಜಿಯೊಬ್ಬರು ಎರಡನ್ನೂ ಮುಟ್ಟದೆ ಹಸಿದು ಕೂತಿದ್ದರು. ನಿನ್ನ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ಉಂಡು, ಮಾಡಿದವರು ಯಾರು ಎಂದು ಕೇಳಿದರು. "ನಮ್ಮಕ್ಕ ರೀ, ನನ್ನ ಸಾಕಿದಾಕಿ" ಎಂದೆ.

ಸಿಟ್ಟಿದ್ದರೂ ಇರಲಿ, ಶಿವರಾತ್ರಿ ಮುಗಿಸಿ ಬಾ. ದೋಣಿಯಲ್ಲಿ ಗಾಳಿ ಜಾಸ್ತಿ, ದಪ್ಪ ಶಾಲು ತಾ. ಧಣಿಯ ಹತ್ತಿರ ಒಂದು ದಿನದ ರಜೆ ಕೇಳಿಟ್ಟುಕೊಂಡಿದ್ದೇನೆ. ಅಂದು ಬಾಟಲಿ ಮುಟ್ಟುವುದಿಲ್ಲ, ನಿನಗೊಬ್ಬಳಿಗೇ ದ್ವೀಪ ತೋರಿಸುತ್ತೇನೆ.

ನಿನ್ನ
ಹೊಳೆಪ್ಪ