ಮಗಳ ತಲೆಗೆ ಕತ್ತರಿ ಹಾಕಿದ ದಿನ

ಜುಲೈ ೧೪, ಭಾನುವಾರ

ನಮ್ಮನೆಯವರಿಗೆ,

ನಮಸ್ಕಾರ. ನಾವಿಬ್ಬರೂ ಕ್ಷೇಮ. ಹಡಗಿನ ಅಡುಗೆಮನೆಯ ಸೆಕೆಯಲ್ಲಿ ನೀವೂ ಕ್ಷೇಮವೆಂದು ನಂಬಿದ್ದೇನೆ. ಇಷ್ಟು ದಿನ ಬರೆಯದಿದ್ದಕ್ಕೆ ಬೈಯಬೇಡಿ. ಫೋನಿನಲ್ಲೇ ಹೇಳೋಣವೆಂದರೆ ನಾನು ಅಳಲು ಶುರು ಮಾಡುತ್ತೇನೆ, ನೀವು "ಹಲೋ, ಕೇಳಿಸ್ತಿಲ್ಲ" ಅನ್ನುತ್ತೀರಿ. ಕಾಗದವೇ ವಾಸಿ.

ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ನಿಮ್ಮ ಮಗಳು ಎರಡು ವರ್ಷದಿಂದ ತನ್ನ ಕೂದಲನ್ನು ತಾನೇ ಕಿತ್ತುಕೊಳ್ಳುತ್ತಿದ್ದಾಳೆ. ಓದುವಾಗ, ಟಿವಿ ನೋಡುವಾಗ, ಕೈ ತಾನಾಗಿ ತಲೆಗೆ ಹೋಗುತ್ತದೆ. ನೆತ್ತಿಯ ಮೇಲೆ ಅಂಗೈಯಗಲ ಬೋಳು. ಗಾಳಿ ಬೀಸಿದರೆ ಕಾಣುತ್ತದೆಂಬ ಭಯಕ್ಕೇ ಕಾಲೇಜು ಬಿಟ್ಟದ್ದು. ನಿಮಗೆ ಹೇಳಿದ ತಲೆನೋವೆಲ್ಲ ನೆಪ. ನಾನಾದರೂ ಮಾಡಿದ್ದೇನು? ಊರವರ ತಲೆಯನ್ನೆಲ್ಲ ತಿದ್ದುವ ಪಾರ್ಲರಿನವಳು ನಾನು. ಅಡ್ಡ ಬೈತಲೆ ತೆಗೆದೆ, ಕಪ್ಪು ಪುಡಿ ತುಂಬಿದೆ, ಪಿನ್ ಚುಚ್ಚಿದೆ. ನಿಮ್ಮ ವಿಡಿಯೋ ಕಾಲ್ ಬರುವ ಮುನ್ನವೂ ಅಷ್ಟೇ. ನನ್ನ ಕೈಚಳಕಕ್ಕಿಷ್ಟು ಬೆಂಕಿ ಹಾಕ!

ಈಗ ಒಬ್ಬ ಕೌನ್ಸೆಲರ್ ಹತ್ತಿರ ಹೋಗುತ್ತಿದ್ದೇವೆ. ನೋಡಿದರೆ ಮಗಳ ಅಕ್ಕನ ಹಾಗಿದ್ದಾರೆ, ಆದರೆ ಮಹಾ ಗಟ್ಟಿಗಿತ್ತಿ. ಅವರಲ್ಲಿ ಒಂದು ಕಟ್ಟಳೆ: ಮಗಳು ಮಾತಾಡಿದರೆ ನಾನು ಉತ್ತರ ಕೊಡುವಂತಿಲ್ಲ. ಅವಳು ಹೇಳಿದ್ದನ್ನೇ ತಿರುಗಿ ಹೇಳಿ "ಸರೀನಾ?" ಎಂದು ಕೇಳಬೇಕು, ಅಷ್ಟೇ. ನನ್ನ ಬಾಯಿ ನಿಮಗೆ ಗೊತ್ತಲ್ಲ! ಮೊದಲ ಸಲ ಅವಳು ಒಂದು ಮಾತು ಮುಗಿಸುವಷ್ಟರಲ್ಲಿ ನಾನು ಎಣ್ಣೆ, ನಿದ್ದೆ, ಮೊಬೈಲು ಎಲ್ಲದಕ್ಕೂ ಬುದ್ಧಿ ಹೇಳಿ ಮುಗಿಸಿದ್ದೆ. "ಸರಿ ಅಮ್ಮ, ಈಗ ನಿಮ್ಮ ಮಗಳು ಏನು ಹೇಳಿದ್ಲು?" ಎಂದರು. ನನಗೆ ನೆನಪೇ ಇಲ್ಲ! ಮಗಳು ಕಿಸಕ್ಕನೆ ನಕ್ಕುಬಿಟ್ಟಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ.

ಮೊನ್ನೆ ಗುರುವಾರ ಅವಳು, "ಕಿತ್ತಾಗ ತಲೆಯೊಳಗಿನ ಗಲಾಟೆ ಒಂಚೂರು ನಿಲ್ಲುತ್ತೆ ಅಮ್ಮ. ಆಮೇಲೆ ನೀನು ಮುಚ್ಚೋಕೆ ಬರ್ತೀಯ, ಆಗ ಇನ್ನೂ ಜಾಸ್ತಿ ಆಗುತ್ತೆ" ಎಂದಳು. ಸಮಜಾಯಿಷಿ ನಾಲಿಗೆಯ ತುದಿಗೇ ಬಂದಿತ್ತು. ಆದರೂ ಒಂದಕ್ಷರ ಬಿಡದೆ ತಿರುಗಿ ಹೇಳಿದೆ. "ಹೂಂ, ಸರಿ" ಎಂದು ನನ್ನ ಕೈ ಹಿಡಿದುಕೊಂಡಳು.

ನಿನ್ನೆಯದು ಕೇಳಿ. ಶನಿವಾರ, ಅಂಗಡಿ ತುಂಬ ಜನ. ಮಹಡಿಯಿಂದ ಇಳಿದು ಬಂದಳು ನೋಡಿ, ಪಿನ್ನಿಲ್ಲ, ಪುಡಿಯಿಲ್ಲ! ಕನ್ನಡಿಯ ಮುಂದಿನ ನಡುವಿನ ಕುರ್ಚಿಯಲ್ಲಿ ಕೂತು, "ಮುಚ್ಬೇಡ. ಇರೋ ಹಾಗೇ ಕಾಣಲಿ. ಪೂರ್ತಿ ಚಿಕ್ಕದಾಗಿ ಕತ್ತರಿಸು" ಎಂದಳು. ಡ್ರೈಯರಿನ ಸದ್ದು ನಿಂತಿತು. ಎಲ್ಲರ ಕಣ್ಣೂ ಅವಳ ನೆತ್ತಿಯ ಮೇಲೆ. ಅವಳು ಅಲುಗಾಡಲಿಲ್ಲ, ನಾನು ಕತ್ತರಿ ಕೈಗೆತ್ತಿಕೊಂಡೆ. ಬಗ್ಗಿ ನೋಡಿದರೆ ಆ ಬೋಳಿನ ತುಂಬ ಹೊಸ ಕೂದಲು, ಹಸುಗೂಸಿಗೆ ಬರುವಂಥದ್ದು. ಅಷ್ಟು ಕಿತ್ತ ಮೇಲೂ ಬಂದಿದೆಯಲ್ಲ, ಅಬ್ಬಾ! ಮೈ ಜುಮ್ಮೆಂದಿತು. ಇಷ್ಟು ಧೈರ್ಯ ಎಲ್ಲಿಂದ ತಂದಳೋ, ಇವಳನ್ನು ಹೆತ್ತವಳು ನಾನೇನಾ ಅನ್ನಿಸಿಬಿಟ್ಟಿತು ರೀ.

ಗುಣವಾಯಿತು ಎನ್ನುತ್ತಿಲ್ಲ. ಇವತ್ತು ಬೆಳಿಗ್ಗೆಯೂ ನಾಲ್ಕೆಳೆ ಕಿತ್ತಳಂತೆ. ತಾನೇ ಬಂದು ಹೇಳಿದಳು.

ಎಲ್ಲರಿಗೂ ಬಡಿಸಿ ನೀವು ಹಸಿದಿರಬೇಡಿ. ದೇವರು ನಿಮ್ಮನ್ನು ಸುಖವಾಗಿ ದಡ ಮುಟ್ಟಿಸಲಿ.

ಇಂತಿ,
ನಿಮ್ಮ ಮನೆಯವಳು

ತಾ.ಕ.: ಲಕೋಟೆ ಅಂಟಿಸುವ ಮುನ್ನ ಇದನ್ನು ಮಗಳಿಗೆ ಓದಿ ಹೇಳಿದೆ. "ಅಪ್ಪಂಗೆ ಗೊತ್ತು" ಎಂದಳು. ಹೋದ ರಜೆಯಲ್ಲಿ ಅವಳು ಸೋಫಾದ ಮೇಲೆ ಮಲಗಿದ್ದಾಗ ನೀವು ನೋಡಿದಿರಂತೆ. ನಿಮ್ಮ ಟೋಪಿಯನ್ನು ಮೆಲ್ಲಗೆ ಅವಳ ತಲೆಗಿಟ್ಟು ಹೊರಗೆ ಹೋದಿರಂತೆ. ಅವಳಿಗೆ ನಿದ್ದೆ ಬಂದಿರಲಿಲ್ಲ ರೀ. "ಅಪ್ಪಾನೂ ಏನೂ ಹೇಳ್ಲಿಲ್ಲ ಅಂದ್ರೆ ನಾನು ಅಷ್ಟು ಅಸಹ್ಯವಾಗಿದೀನಿ ಅಂದ್ಕೊಂಡೆ" ಎಂದಳು. ಈ ಕಾಗದ ಕೈಗೆ ಸಿಕ್ಕ ಕೂಡಲೇ ಫೋನ್ ಮಾಡಿ. ನನಗಲ್ಲ, ಅವಳಿಗೆ.