ಹುಳುಮನೆಯಲ್ಲಿ ನಿಂತ ಬೈಕು

ಜಂಗಮಕೋಟೆ
5-8-2025, ಮಂಗಳವಾರ

ಪ್ರೀತಿಯ ಶಿರೀಷಾ,

ನಿನ್ನ ಮಾವ ವೆಂಕಟರವಣಪ್ಪನ ಆಶೀರ್ವಾದ. ನಿನ್ನ ಮೆಸೇಜು ಬಂದು ಹನ್ನೆರಡು ದಿನವಾಯಿತು. "ಮಾವ, ಹೊಸ ಗಾಡಿಗೆ ಏನೇನು ನೋಡ್ಕೋಬೇಕು ಬರೀರಿ. ಹತ್ತನೇ ತಾರೀಕು ಭಾನುವಾರ ದೊಡ್ಡಪ್ಪ ಎಲ್ಲರನ್ನೂ ಕೂರಿಸಿ ಪಂಚಾಯ್ತಿ ಮಾಡ್ತಾರಂತೆ. ಅಷ್ಟರಲ್ಲಿ ಮಾರ್ಬಿಡ್ಲಾ?" ಎಂದು ಕೇಳಿದ್ದೆ. ಮೂರು ಸಲ ಫೋನು ಮಾಡಿದೆ. ಮೂರು ಸಲವೂ ಮಳೆಯ ವಿಷಯ ಮಾತಾಡಿ ಇಟ್ಟುಬಿಟ್ಟೆ. ಫೋನಿನಲ್ಲಿ ಮಾತು ತಿರುಗಿಸುವುದು ಸುಲಭ. ಅದಕ್ಕೇ ಕಾಗದ ಹಿಡಿದಿದ್ದೇನೆ. ತಡವಾಗಿದ್ದಕ್ಕೆ ಕ್ಷಮಿಸು.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ: ಮಾರಬೇಡ.

ಇನ್ನು ಗಾಡಿಯ ವಿಷಯ. ಸೀಟು ಎತ್ತರ, ಎರಡೂ ಪಾದ ನೆಲಕ್ಕೆ ತಾಗುವುದಿಲ್ಲ ಎಂದು ಹೆದರಿದ್ದೀಯ. ಮೂವತ್ತು ವರ್ಷದಿಂದ ನನ್ನ ಹಳೇ ಗಾಡಿಯನ್ನು ಬದುಕಿಸಿಟ್ಟಿರುವ ಶಿಡ್ಲಘಟ್ಟದ ಮೆಕ್ಯಾನಿಕ್ ಲಾಲ್ ಬಾಷಾನನ್ನು ಕೇಳಿದೆ. "ಮೇಷ್ಟ್ರೇ, ಕುದುರೆ ಮೇಲೆ ಕುಂತೋರ ಕಾಲು ಎಲ್ಲಿ ನೆಲಕ್ಕೆ ಸಿಗ್ತದೆ? ಒಂದು ಕಾಲು ಸಿಕ್ರೆ ಸಾಕು. ನಿಲ್ಲೋಕೆ ಮುಂಚೆ ಯಾವ ಕಾಲು ಅಂತ ಹುಡುಗಿ ತೀರ್ಮಾನ ಮಾಡ್ಕೋಬೇಕು, ಅಷ್ಟೆ" ಎಂದ. ಮೊದಲ ಸರ್ವೀಸಿನವರೆಗೂ ಎಂಜಿನ್ನನ್ನು ಕಿರುಚಿಸಬೇಡ. ಜಲ್ಲಿಯ ಮೇಲೆ ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿಯಬೇಡ. ಗುಂಡಿ ಬಂದರೆ ಎದ್ದು ನಿಂತು, ಮಂಡಿ ಸಡಿಲ ಬಿಟ್ಟು, ಗಾಡಿ ಕುಣಿದರೆ ಕುಣಿಯಲು ಬಿಡು. ಕಣ್ಣು ಮಾತ್ರ ದೂರದ ದಾರಿಯ ಮೇಲಿರಲಿ. ಗುಂಡಿಯನ್ನೇ ನೋಡಿದರೆ ಗುಂಡಿಗೇ ಹೋಗುತ್ತೀಯ. ಮಳೆಯಲ್ಲಿ ಓಡಿಸಿದ ದಿನ ಚೈನು ಒರೆಸಿ ಎಣ್ಣೆ ಹಾಕು. ಕೆಸರಿನಲ್ಲಿ ಸ್ಟ್ಯಾಂಡಿನ ಕೆಳಗೆ ಒಂದು ಚಪ್ಪಟೆ ಕಲ್ಲಿಡು. ಕಲ್ಲಿನ ಲಾರಿಗಳ ಹಿಂದೆ ಅಂಟಿಕೊಂಡು ಹೋಗಬೇಡ.

ಹೆಣ್ಣುಮಗುವಿಗೆ ಸ್ಕೂಟರು ಸಾಲದೇ ಎಂದು ಕೇಳುವವರು ಒಮ್ಮೆ ನಿಮ್ಮೂರಿನ ದಾರಿಯಲ್ಲಿ ಸ್ಕೂಟರು ಓಡಿಸಿ ತೋರಿಸಲಿ. ಆ ಲಾರಿಗಳು ದಾರಿಯನ್ನು ಉತ್ತು ಹಾಕಿ ಎಂಟು ವರ್ಷವಾಯಿತು. ನಾನು ಬರೆದ ಅರ್ಜಿಗಳ ನಕಲು ಟ್ರಂಕಿನಲ್ಲಿವೆ. ಒಂದಕ್ಕೆ ಮಾತ್ರ ಉತ್ತರ ಬಂತು: ಆ ರಸ್ತೆ ನಮಗೆ ಸೇರಿದ್ದಲ್ಲ. ಕುಡುಮಲಕುಂಟೆಯ ಫ್ಯಾಕ್ಟರಿ ಬಸ್ಸು ನಿಮ್ಮೂರೊಳಕ್ಕೆ ಬರುವುದಿಲ್ಲ, ಬೆಳಗಿನ ಶಿಫ್ಟಿಗೆ ನೀನು ಕತ್ತಲಲ್ಲಿ ಮುಖ್ಯರಸ್ತೆಗೆ ನಡೆಯುತ್ತಿದ್ದೆ. ಆಗ ಯಾವ ಹಿರಿಯರೂ ಸಭೆ ಸೇರಲಿಲ್ಲ.

ಈಗ ಸೇರುತ್ತಿದ್ದಾರೆ. ಬೀಗ ಇರುವ ಜಾಗವೆಂದು ನೀನು ಗಾಡಿಯನ್ನು ಹುಳುಮನೆಯ ಮುಂದಿನ ಕೋಣೆಯಲ್ಲಿ ನಿಲ್ಲಿಸಿದೆ. ಮೂರನೇ ದಿನಕ್ಕೆ, ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದು ಗಬಗಬನೆ ಸೊಪ್ಪು ತಿನ್ನಬೇಕಿದ್ದ ರೇಷ್ಮೆಹುಳುಗಳೆಲ್ಲ ಸತ್ತವು. ನಿನ್ನ ದೊಡ್ಡಪ್ಪ ಕೋನಪ್ಪನವರು ಅಂಗಳದಲ್ಲಿ ನಿಂತು ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ: "ಏಮಮ್ಮಾ, ಗೂಳಿ ಮೇಲೆ ಕುಂತಂಗೆ ಕುಂತ್ಕತೀಯ. ಇಂಥದ್ದು ಮನೆಗೆ ಬಂದ್ರೆ ಹುಳ ಉಳೀತವಾ?"

ನೀನು ಸುಮ್ಮನಿರಲಿಲ್ಲ. "ದೊಡ್ಡಪ್ಪ, ನಿಮ್ಮ ಟ್ರ್ಯಾಕ್ಟರ್ ಬಂದಾಗ ಹುಳಕ್ಕೆ ಗೊತ್ತಾಗಲಿಲ್ವಾ?" ಎಂದೆ. ನಿನ್ನಪ್ಪ ರಾಮಾಂಜಿನಪ್ಪ ತಲೆ ತಗ್ಗಿಸಿದರು. ನಿನ್ನಮ್ಮ, ನನ್ನ ತಂಗಿ ಓಬಳಮ್ಮ, "ಸುಮ್ನಿದ್ಬಿಡಮ್ಮಾ, ಗಾಡಿ ಹೋದ್ರೆ ಹೋಗ್ಲಿ" ಎಂದಳು. ಆ ಮಾತನ್ನು ಅವಳು ಯಾಕೆ ಅಂದಳೆಂದು ನಿನಗೆ ಗೊತ್ತಿಲ್ಲ. ನನಗೆ ಗೊತ್ತು.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತು. ಏಳನೇ ಕ್ಲಾಸಿನಲ್ಲಿ ಶಾಲೆಗೇ ಮೊದಲು ಬಂದಳೆಂದು ನಮ್ಮಪ್ಪ ಅವಳಿಗೆ ಸೈಕಲ್ಲು ತಂದರು, ಹೈಸ್ಕೂಲಿಗೆ ಹೋಗಲಿ ಎಂದು. ಅವಳು ಅದನ್ನು ಕಲಿತ ವಾರವೇ ನಮ್ಮ ಮನೆಯ ಹುಳು ಸತ್ತವು. ಜಡಿಮಳೆ ಹಿಡಿದಿತ್ತು, ಒದ್ದೆ ಸೊಪ್ಪು ಹಾಕಿದ್ದೆವು. ಅದೇ ಕಾರಣವೆಂದು ಮನೆಯವರಿಗೆಲ್ಲ ಗೊತ್ತಿತ್ತು. ಆದರೂ ಅಜ್ಜಿ ಸೈಕಲ್ಲಿನ ಕಡೆ ಕೈ ತೋರಿಸಿದಳು, ಯಾರೂ ಅಲ್ಲವೆನ್ನಲಿಲ್ಲ. ಓಬಳಮ್ಮನ ಓದು ಅಲ್ಲಿಗೆ ನಿಂತಿತು. ಆ ಸೈಕಲ್ಲನ್ನು ತುಳಿದುಕೊಂಡು ಹೋಗಿ ಎಸ್ಸೆಸ್ಸೆಲ್ಸಿ ಮುಗಿಸಿದವನು ನಾನು. ಮೇಷ್ಟ್ರಾದೆ, ಓದಿದೆ, ಊರಿನ ಅನ್ಯಾಯಕ್ಕೆಲ್ಲ ಅರ್ಜಿ ಬರೆದೆ. ಅದೊಂದರ ಬಗ್ಗೆ ಒಂದು ಸಾಲೂ ಬರೆಯಲಿಲ್ಲ.

ಆದ್ದರಿಂದ ಕೇಳು. ಹುಳು ಸತ್ತರೆ ಅದಕ್ಕೊಂದು ಕಾರಣವಿರುತ್ತದೆ, ಆ ಕಾರಣಕ್ಕೆ ಹೆಸರಿರುತ್ತದೆ. ನೀನು ಒಂದು ದಿನವೂ ಒಳಗೆ ಎಂಜಿನ್ ಚಾಲೂ ಮಾಡಿದವಳಲ್ಲ, ತಳ್ಳಿಕೊಂಡೇ ಹೊರಗೆ ತರುತ್ತಿದ್ದೆ. ನಿಂತ ಗಾಡಿ ಯಾರನ್ನೂ ಕೊಲ್ಲುವುದಿಲ್ಲ. ಭಾನುವಾರ ಅಳಬೇಡ, ಕೈ ಮುಗಿಯಬೇಡ. ನಿನ್ನ ಅಣ್ಣ ಹರಿಕೃಷ್ಣ "ಗಾಡಿ ನನ್ನ ಹೆಸರಿಗೆ ಮಾಡ್ಕೊಡು, ಎಲ್ಲಾ ಸರಿಹೋಗ್ತದೆ" ಎಂದು ನಯವಾಗಿ ಕೇಳುತ್ತಾನೆ. ಎರಡನೇ ಕೀ ಕೂಡ ಅವನ ಕೈಗೆ ಹೋಗಬಾರದು. ಕಾಗದಪತ್ರಗಳನ್ನು ಫ್ಯಾಕ್ಟರಿಯ ಲಾಕರಿನಲ್ಲಿಡು.

ಚೆನ್ನಾಗಿ ಓಡಿಸು. ಒಂದು ದಿನ ಚಿಂತಾಮಣಿವರೆಗೂ ಹೋಗಿ ಬಾ, ಯಾರನ್ನೂ ಕೇಳದೆ. ಅಮ್ಮನನ್ನೂ ಹಿಂದೆ ಕೂರಿಸಿಕೋ. ಬೇಡವೆನ್ನುತ್ತಾಳೆ, ಇನ್ನೊಂದು ಸಲ ಕರೆ. ನಿನಗೆ ದಾರಿ ಸದಾ ತೆರೆದಿರಲಿ, ತಾಯಿ.

ನಿನ್ನ ಮಾವ,
ವೆಂಕಟರವಣಪ್ಪ

ತಾ.ಕ.: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಹುಳು ಸಾಯುವ ಹಿಂದಿನ ದಿನ ನಾನು ನಿಮ್ಮಲ್ಲಿಗೆ ಬಂದಿದ್ದೆನಲ್ಲ, ನಿನ್ನ ಗಾಡಿಯ ಪಕ್ಕದಲ್ಲೇ ನನಗೆ ಮಂಚ ಹಾಕಿಕೊಟ್ಟಿರಿ. ಸೊಳ್ಳೆ ವಿಪರೀತ. ಚೀಲದಲ್ಲಿದ್ದ ಸೊಳ್ಳೆಬತ್ತಿ ಹಚ್ಚಿದೆ. ಅದರ ಹೊಗೆ ರೇಷ್ಮೆಹುಳುವಿಗೆ ವಿಷವೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಬೆಳಿಗ್ಗೆ ನೆನಪಾಯಿತು, ಬೂದಿಯನ್ನು ಕಾಲಿನಿಂದ ಒರೆಸಿದೆ. ಹುಳುಗಳು ತಲೆ ಎತ್ತಿ ಹಸಿರು ಕಕ್ಕುತ್ತಿದ್ದಾಗ ಕೋನಪ್ಪನವರು ನಿನ್ನ ಗಾಡಿಯ ಕಡೆ ಕೈ ತೋರಿಸಿದರು. ನಾನು ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ.

ಭಾನುವಾರ ಒಂಬತ್ತಕ್ಕೆ ಮಂಚೇನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತೇನೆ. ಮನಸ್ಸಾದರೆ ಗಾಡಿ ತಂದು ಹಿಂದೆ ಕೂರಿಸಿಕೊಂಡು ಹೋಗು. ಆಗದಿದ್ದರೆ ನಡೆದೇ ಬರುತ್ತೇನೆ. ಎಲ್ಲರ ಎದುರು ನಿಂತು ಹೇಳುವವನು ನಾನೇ. ಓಬಳಮ್ಮನಿಗೆ ಎದುರಿಗೇ ಕೂರಲು ಹೇಳು.