ಮಗಳ ಪಾತ್ರದ ಒಂದು ಮಾತು

ಅಪ್ಪಾ,

ಇವತ್ತು ನ್ಯೂಯಾರ್ಕಿನಲ್ಲಿ ನಿನ್ನ ನಾಟಕದ ತಾಲೀಮು ಮತ್ತೆ ಶುರುವಾಯಿತು. ನೀನು ತೀರಿಕೊಂಡ ಮೇಲೆ ಇದೇ ಮೊದಲು. ಕಡೆಯ ಸಾಲಿನ ನಿನ್ನ ಕುರ್ಚಿಯ ಮೇಲೆ ಯಾರೋ ಕೋಟು ಎಸೆದಿದ್ದರು. ಅದನ್ನು ಎತ್ತಿ ಬೇರೆಡೆ ಇಟ್ಟು, ಪಕ್ಕದ ಕುರ್ಚಿಯಲ್ಲಿ ಕೂತೆ.

ನಾಟಕದ ಅಪ್ಪ ಹಾಲಿವುಡ್ಡಿಗೆ ಹೊರಡುವ ದೃಶ್ಯ ಬಂತು. ಮಗಳ ಪಾತ್ರ ಮಾಡುವ ಕೊರಿನ್ ಅರ್ಧಕ್ಕೇ ನಿಂತಳು.

“ಈ ಮಾತು ನನ್ನ ಬಾಯಿಗೆ ಬರ್ತಾನೇ ಇಲ್ಲ. ಅಪ್ಪ ಮನೆ ಬಿಟ್ಟು ಹೋಗ್ತಿರುವಾಗ ಯಾವ ಮಗು ‘ಹೋಗಿ ಬಾ ಅಪ್ಪಾ, ನಂಗೇನೂ ಬೇಜಾರಿಲ್ಲ’ ಅನ್ನುತ್ತೆ? ತೆಗೆದುಬಿಡೋಣ್ವಾ?”

“ಇದು ಸಿನಿಮಾ ಅಲ್ಲಮ್ಮ, ಕಂಡಕಂಡವರೆಲ್ಲ ಕತ್ತರಿ ಹಾಕೋಕೆ,” ಎಂದರು ನಿರ್ದೇಶಕ ಕೆಸ್ಲರ್. “ನಾಟಕದಲ್ಲಿ ಬರೆದೋರನ್ನ ಕೇಳದೆ ಒಂದು ಪದಾನೂ ಮುಟ್ಟೋ ಹಾಗಿಲ್ಲ. ಈಗ ಆ ಹಕ್ಕು ಅವರ ಮಗಳದ್ದು. ಅವರನ್ನೇ ಕೇಳು.”

ಎಲ್ಲರೂ ನನ್ನ ಕಡೆ ತಿರುಗಿದರು.

ಸಿನಿಮಾಕ್ಕೆ ಬರೆಯಲು ಹೋದ ನೀನು ಹಾಲಿವುಡ್ಡಿನಿಂದ ಫೋನ್ ಮಾಡಿದಾಗಲೆಲ್ಲ, “ಇಲ್ಲಿ ಕಾಫಿ ತಂದುಕೊಡೋನೂ ನನ್ನ ಮಾತು ತಿದ್ತಾನೆ ಕಣೇ” ಅನ್ನುತ್ತಿದ್ದೆ. ನಾನು ‘ಹೂಂ’ ಎಂದು ಫೋನನ್ನು ಅಮ್ಮನಿಗೆ ಕೊಟ್ಟುಬಿಡುತ್ತಿದ್ದೆ.

ಕೊರಿನ್ ಹೇಳಿದ್ದು ನಿಜ, ಅಪ್ಪಾ. ನೀನು ಹೊರಟ ಬೆಳಿಗ್ಗೆ ನಾನು ಆ ಮಾತು ಆಡಲೇ ಇಲ್ಲ. ಸ್ನಾನದ ಮನೆಯ ಚಿಲಕ ಹಾಕಿಕೊಂಡು ಕೂತಿದ್ದೆ. ನೀನು ಬಾಗಿಲು ತಟ್ಟಿದೆ, ತಟ್ಟುತ್ತಲೇ ಇದ್ದೆ. ಕೆಳಗೆ ಟ್ಯಾಕ್ಸಿಯವನು ಹಾರ್ನ್ ಹೊಡೆದ ಮೇಲೆ ನೀನು ಹೋದೆ.

“ಅದು ಇರಲಿ,” ಎಂದೆ. “ಬರೆದ ಹಾಗೇ ಹೇಳಮ್ಮ.”

“ಹೇಗೆ ಹೇಳೋದು ಮೇಡಂ? ನೀವೇ ಒಂದ್ಸಲ ಹೇಳಿ ತೋರಿಸಿ.”

ಎದ್ದು ನಿಂತೆ. ನಿನ್ನ ಕುರ್ಚಿಯ ಕಡೆ ತಿರುಗಿ, “ಹೋಗಿ ಬಾ ಅಪ್ಪಾ” ಎಂದೆ. ಉಳಿದರ್ಧ ನನ್ನ ಬಾಯಿಗೂ ಬರಲಿಲ್ಲ.